ಹಳದಿ ದೀಪ, ಹಳದಿ ಎಲೆ

ಕಳೆದ ಮಳೆಗಾಲದಲ್ಲಿ ಅಣ್ಣನ ಮಗ ಬೆಂಗಳೂರಿನಿಂದ ಊರಿಗೆ ಬಂದಾಗ ಅವನ ಜೊತೆ ಒಂದು ಕೆಂಪು ಸ್ಪೋರ್ಟ್ಸ್ ಕಾರೂ ಬಂತು. ಎರಡೇ ಬಾಗಿಲು, ನೆಲಕ್ಕೆ ತಾಗುವಷ್ಟು ತಗ್ಗಿದ ಮೈ, ನಾಲ್ಕು ಸಿಲಿಂಡರಿನ ಟರ್ಬೊ ಇಂಜಿನ್. ಐದು ವರ್ಷದ ಸಂಬಳದಲ್ಲಿ ಉಳಿಸಿದ್ದನ್ನು ಕೂಡಿಸಿ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡಿದ್ದ. ಊರಿನಲ್ಲಿದ್ದ ಐದು ದಿನವೂ ಮಳೆ ಹಿಡಿದು ಹೊಯ್ದದ್ದರಿಂದ ಕಾರು ಅಡಿಕೆ ಶೆಡ್ಡಿನೊಳಗೇ ನಿಂತಿತ್ತು. ಆರನೇ ದಿನ ಬೆಳಿಗ್ಗೆ ಹೊರಟವನು ನರಸಿಂಹರಾಜಪುರ (ಎನ್.ಆರ್. ಪುರ) ದಾಟಿ ಮುತ್ತಿನಕೊಪ್ಪ ಮುಟ್ಟುವ ಹೊತ್ತಿಗೆ ಫೋನ್ ಮಾಡಿದ. "ಚಿಕ್ಕಪ್ಪ, ಇಂಜಿನ್ ಲೈಟ್ ಬಂದಿದೆ. ಏರಿನಲ್ಲಿ ಮಿಣುಕ್ ಮಿಣುಕ್ ಅಂತಿತ್ತು, ಈಗ ಸುಮ್ಮನೆ ಉರೀತಾ ಇದೆ. ಗಾಡಿ ಎಳೀತಾನೇ ಇಲ್ಲ."

ನಾನು ಹೋಗುವಷ್ಟರಲ್ಲಿ ಅವನು ಅರ್ಧ ಕೆಲಸ ಮುಗಿಸಿದ್ದ. ಜೇಬಿನಲ್ಲಿಡುವಷ್ಟು ಚಿಕ್ಕ ಸ್ಕ್ಯಾನರ್ ಒಂದನ್ನು ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸಿ, ಮೊಬೈಲಿನಲ್ಲಿ ಬಂದ ಎರಡು ಕೋಡ್‌ಗಳನ್ನು ಬೆಂಗಳೂರಿನ ತನ್ನ ವರ್ಕ್‌ಶಾಪಿಗೆ ಕಳಿಸಿದ್ದ. ಒಂದು ಪಿ 0303, ಇನ್ನೊಂದು ಪಿ 0420. ಹತ್ತು ನಿಮಿಷದಲ್ಲಿ ಉತ್ತರವೂ ಬಂದಿತ್ತು: ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಂದು, ಆಕ್ಸಿಜನ್ ಸೆನ್ಸರ್ ಎರಡು, ಇಗ್ನಿಷನ್ ಕಾಯಿಲ್ ನಾಲ್ಕು, ಮಜೂರಿ, ತೆರಿಗೆ. ಒಟ್ಟು ಮೂರು ಲಕ್ಷ ರೂಪಾಯಿಯ ಹತ್ತಿರ. ಕಾರನ್ನು ಲಾರಿಯ ಮೇಲೆ ಹೇರಿ ಬೆಂಗಳೂರಿಗೆ ಮುಟ್ಟಿಸುವ ಖರ್ಚು ಬೇರೆ. ಹುಡುಗನ ಮುಖ ಸಪ್ಪಗಾಗಿತ್ತು.

ಆಗ ನನಗೆ ನೆನಪಾದದ್ದು ನಮ್ಮ ತೋಟ. ಕೊಪ್ಪ, ಶೃಂಗೇರಿ, ಎನ್.ಆರ್. ಪುರ ಈ ಮೂರು ತಾಲ್ಲೂಕುಗಳಲ್ಲಿ ಅಡಿಕೆ ಬೆಳೆಯುವವರಿಗೆ ಹಳದಿ ಎಂಬ ಬಣ್ಣದ ಭಯ ಗೊತ್ತು. ಹಳದಿ ಎಲೆ ರೋಗ ತೋಟಕ್ಕೆ ತೋಟವನ್ನೇ ನುಂಗಿದ ಸೀಮೆ ಇದು. ಆದರೂ ಸೋಗೆ ಹಳದಿಯಾಯಿತು ಎಂದ ಕೂಡಲೇ ಯಾರೂ ಕೊಡಲಿ ಹಿಡಿದು ಹೋಗುವುದಿಲ್ಲ. ಬುಡದಲ್ಲಿ ನೀರು ನಿಂತರೂ ಸೋಗೆ ಹಳದಿಯಾಗುತ್ತದೆ. ಪೊಟ್ಯಾಷ್ ಕಡಿಮೆಯಾದರೂ ಆಗುತ್ತದೆ, ಬೇರುಹುಳ ಬಿದ್ದರೂ ಆಗುತ್ತದೆ. ಬುಡ ಬಿಡಿಸಿ, ಬೇರು ನೋಡಿ, ಬಸಿಗಾಲುವೆ ಕಟ್ಟಿದೆಯೇ ಎಂದು ನೋಡಿ, ಆಮೇಲೆ ಮರದ ತೀರ್ಮಾನ. ತೋಟದಲ್ಲಿ ಇಷ್ಟು ತಾಳ್ಮೆ ಇರುವ ನಾವು ಕಾರಿನ ಹಳದಿ ದೀಪ ಕಂಡ ಕೂಡಲೇ ಏಕೆ ಅದನ್ನು ಕಳೆದುಕೊಳ್ಳುತ್ತೇವೆ? ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದ ಹಾಗೆ, ದೀಪ ಹತ್ತಿತು ಎಂದರೆ ಪಾರ್ಟು ತರಿಸು ಎನ್ನುತ್ತೇವೆ.

ಆ ದೀಪ ಹುಟ್ಟಿದ್ದೇಕೆ ಎಂದು ತಿಳಿದರೆ ಅರ್ಧ ಗಾಬರಿ ಇಳಿಯುತ್ತದೆ. ಅದನ್ನು ಮೊದಲು ಕಡ್ಡಾಯ ಮಾಡಿದ್ದು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ. ಲಾಸ್ ಏಂಜಲೀಸ್ ನಗರ ವಾಹನಗಳ ಹೊಗೆಯಲ್ಲಿ ಮುಳುಗಿ ಜನರ ಕಣ್ಣು ಉರಿಯುತ್ತಿದ್ದ ಕಾಲದಿಂದ ಅಲ್ಲಿನ ಸರ್ಕಾರ ಹೊಗೆಯ ಮೇಲೆ ನಿಗಾ ಇಡುತ್ತ ಬಂದಿತ್ತು. ಕಾರೇ ತನ್ನ ಹೊಗೆಯನ್ನು ತಾನು ಗಮನಿಸಿ, ಏರುಪೇರಾದರೆ ಚಾಲಕನಿಗೆ ಹೇಳಬೇಕು ಎಂಬುದು ಅದರ ಮುಂದಿನ ಹೆಜ್ಜೆ. 1996ರ ಮಾದರಿಯಿಂದ ಅಮೆರಿಕದಲ್ಲಿ ಮಾರುವ ಎಲ್ಲ ಕಾರುಗಳಿಗೂ ಓಬಿಡಿ-2 ಎಂಬ ಒಂದೇ ಬಗೆಯ ವ್ಯವಸ್ಥೆ ಬಂತು. ಒಂದೇ ಆಕಾರದ 16 ಪಿನ್ನಿನ ಸಾಕೆಟ್, ಒಂದೇ ಕೋಡ್ ಭಾಷೆ. ನಮ್ಮಲ್ಲಿ 2010ರ ಏಪ್ರಿಲ್‌ನಲ್ಲಿ ಬೆಂಗಳೂರೂ ಸೇರಿದಂತೆ 13 ನಗರಗಳಿಗೆ ಬಿಎಸ್-4 ಹೊಗೆ ಮಾನದಂಡ ಬಂದಾಗ ಇದರ ಮೊದಲ ರೂಪ ಬಂತು. 2013ರ ಏಪ್ರಿಲ್‌ನಿಂದ ಬಿಎಸ್-4 ವಾಹನಗಳಿಗೆ ಓಬಿಡಿ-2 ಕಡ್ಡಾಯವಾಯಿತು. 2020ರ ಏಪ್ರಿಲ್‌ನಲ್ಲಿ ದೇಶಕ್ಕೆಲ್ಲ ಬಿಎಸ್-6 ಬಂದ ಮೇಲೆ ಈ ನಿಗಾ ಇನ್ನೂ ಬಿಗಿಯಾಯಿತು.

ಹೀಗಾಗಿ ಆ ದೀಪ ಮುಖ್ಯವಾಗಿ ಹೊಗೆಯ ಕಾವಲುಗಾರ. ಇಂಜಿನ್ನಿನ ಯಾವುದೋ ಒಂದು ಲೆಕ್ಕ ಮಿತಿ ಮೀರಿದೆ ಎಂದಷ್ಟೇ ಅದು ಹೇಳುತ್ತದೆ. ಮಿತಿ ಮೀರಿಸಿದ್ದು ಯಾವುದು ಎಂದು ಹೇಳುವ ಶಕ್ತಿ ಅದಕ್ಕಿಲ್ಲ. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಸರಿಯಾಗಿ ತಿರುಗಿಸದಿದ್ದರೂ ಕೆಲವು ಕಾರುಗಳಲ್ಲಿ ಈ ದೀಪ ಹತ್ತುತ್ತದೆ, ಕನ್ವರ್ಟರ್ ಕರಗಿ ಕೂತರೂ ಅದೇ ದೀಪ. ಒಂದು ಮಾತು ಮಾತ್ರ ಅದು ಸ್ಪಷ್ಟವಾಗಿ ಹೇಳುತ್ತದೆ. ಸುಮ್ಮನೆ ಉರಿಯುತ್ತಿದ್ದರೆ, ಗಾಡಿ ಸರಿಯಾಗಿ ಓಡುತ್ತಿದ್ದರೆ, ನಿಧಾನವಾಗಿ ಮನೆ ಮುಟ್ಟಿ ಒಂದೆರಡು ದಿನದಲ್ಲಿ ತೋರಿಸಬಹುದು. ಮಿಣುಕುತ್ತಿದ್ದರೆ ಗಾಡಿಯನ್ನು ಬದಿಗೆ ಹಾಕಲೇಬೇಕು. ಯಾವುದೋ ಸಿಲಿಂಡರಿನಲ್ಲಿ ಕಿಡಿ ತಪ್ಪಿ, ಉರಿಯದ ಪೆಟ್ರೋಲ್ ನೇರ ಸೈಲೆನ್ಸರ್ ಕಡೆಗೆ ಹೋಗುತ್ತಿದೆ ಎಂದು ಅದರ ಅರ್ಥ. ಆ ಪೆಟ್ರೋಲ್ ಕನ್ವರ್ಟರಿನೊಳಗೆ ಹೊತ್ತಿಕೊಂಡರೆ ಅಲ್ಲಿನ ಜೇನುಗೂಡಿನಂಥ ರಚನೆ ಕರಗಿ ಹೋಗುತ್ತದೆ. ಇನ್ನು ಆಯಿಲ್ ಒತ್ತಡದ ಕೆಂಪು ದೀಪ, ಬಿಸಿಯ ಕೆಂಪು ದೀಪ ಬಂದರೆ ಅಲ್ಲೇ ಇಂಜಿನ್ ಆರಿಸುವುದು. ಅದಕ್ಕೆ ಎರಡನೇ ಯೋಚನೆಯೇ ಬೇಡ.

ಕೋಡ್ ಎಂಬುದು ದೀಪಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಪಿ ಎಂದರೆ ಇಂಜಿನ್ ಮತ್ತು ಗೇರ್ ಕಡೆಯ ದೋಷ. ಮುಂದಿನ ಅಂಕಿ ಸೊನ್ನೆಯಾದರೆ ಎಲ್ಲ ಕಂಪನಿಗಳಿಗೂ ಒಂದೇ ಅರ್ಥ, ಒಂದಾದರೆ ಆ ಕಂಪನಿಯದೇ ಆದ ಕೋಡ್. 0303 ಎಂದರೆ ಮೂರನೇ ಸಿಲಿಂಡರ್ ಮಿಸ್ ಹೊಡೆಯುತ್ತಿದೆ. 0420 ಎಂದರೆ ಕನ್ವರ್ಟರಿನ ಸಾಮರ್ಥ್ಯ ಇರಬೇಕಾದ ಮಟ್ಟಕ್ಕಿಂತ ಕೆಳಗೆ ಕಾಣುತ್ತಿದೆ. 'ಕಾಣುತ್ತಿದೆ' ಎಂಬ ಮಾತನ್ನು ಗಮನಿಸಬೇಕು. ಕಾರಿನ ಕಂಪ್ಯೂಟರ್ ಕನ್ವರ್ಟರನ್ನು ಬಿಚ್ಚಿ ನೋಡಿರುವುದಿಲ್ಲ. ಅದರ ಹಿಂದೆ ಮುಂದೆ ಇರುವ ಎರಡು ಆಕ್ಸಿಜನ್ ಸೆನ್ಸರುಗಳು ಕಳಿಸುವ ವೋಲ್ಟೇಜನ್ನು ಹೋಲಿಸಿ ಹಾಗೆ ಊಹಿಸಿರುತ್ತದೆ. ಈ ಸೆನ್ಸರನ್ನು ಮೊದಲು ಕಾರಿಗೆ ತಂದದ್ದು ಬಾಷ್ ಕಂಪನಿ, 1976ರಲ್ಲಿ, ಒಂದು ವೋಲ್ವೊ ಕಾರಿನಲ್ಲಿ. ಸೆನ್ಸರಿನ ಮುಂದೆ ಹೊಗೆ ಕೊಳವೆ ಸೋರಿದರೂ, ಒಂದು ಸಿಲಿಂಡರ್ ಉರಿಯದೆ ಹಸಿ ಪೆಟ್ರೋಲ್ ಬಂದರೂ ಈ ಲೆಕ್ಕ ತಪ್ಪುತ್ತದೆ.

ಮುತ್ತಿನಕೊಪ್ಪದಲ್ಲಿ ಆ ದಿನ ನಮಗೆ ಸಿಕ್ಕಿದ ಮೆಕ್ಯಾನಿಕ್ ಕೆಲಸ ಕಲಿತದ್ದು ಬಸ್ಸಿನ ಹಳೆಯ ಮೇಸ್ತ್ರಿಯೊಬ್ಬರ ಕೈಕೆಳಗೆ. ನಮ್ಮ ಕಡೆ ಬಸ್ಸಿನ ಮೆಕ್ಯಾನಿಕ್ ಎಂದರೆ ಅದಕ್ಕೊಂದು ತೂಕವಿದೆ. ಶಂಕರ್ ಬಸ್ ಕಂಪನಿ ನಿಂತಾಗ ಅದರ ಕೆಲಸಗಾರರೇ ಸೇರಿ 1991ರಲ್ಲಿ ಕೊಪ್ಪದಲ್ಲಿ ಸಹಕಾರ ಸಾರಿಗೆ ಕಟ್ಟಿದರು. 2020ರಲ್ಲಿ ನಿಲ್ಲುವ ತನಕ ಈ ಗುಡ್ಡಗಾಡಿನ ರಸ್ತೆಗಳಲ್ಲಿ ಓಡಿದ್ದು ಆ ಬಸ್ಸುಗಳೇ. ಸದ್ದು ಕೇಳಿಯೇ ದೋಷ ಹೇಳುವ ತಲೆಮಾರು ಬೆಳೆದದ್ದು ಅಂಥ ಬಸ್ಸುಗಳ ಅಡಿಯಲ್ಲಿ ಮಲಗಿ. ಈ ಮೆಕ್ಯಾನಿಕ್ ಕಾರಿನ ಬೆಲೆ ಎಷ್ಟೆಂದು ಕೇಳಲಿಲ್ಲ. "ಮಾರಾಯ್ರೆ, ಎರಡು ಕೋಡಲ್ಲಿ ಮೊದಲು ಬಂದದ್ದು ಯಾವ್ದು?" ಎಂದು ಕೇಳಿದ. ನಮಗೆ ಗೊತ್ತಿರಲಿಲ್ಲ. ಅವನೇ ತನ್ನ ದೊಡ್ಡ ಸ್ಕ್ಯಾನರ್ ತಂದು ಫ್ರೀಜ್ ಫ್ರೇಮ್ ತೆಗೆದ. ದೋಷ ದಾಖಲಾದ ಗಳಿಗೆಯಲ್ಲಿ ಇಂಜಿನ್ ಎಷ್ಟು ಸುತ್ತುತ್ತಿತ್ತು, ಎಷ್ಟು ಬಿಸಿಯಿತ್ತು, ಗಾಡಿಯ ವೇಗ ಎಷ್ಟು ಎಂಬುದರ ಚಿತ್ರ ಅದು. ಅದರಲ್ಲಿದ್ದದ್ದು ಮಿಸ್ಸಿಂಗ್‌ನ ದಾಖಲೆ. "ಮಿಸ್ಸಿಂಗ್ ತೆಗೀದೆ ಕನ್ವರ್ಟರ್ ಸುದ್ದಿ ಮಾತಾಡೋದೇ ಬೇಡ," ಎಂದ.

ಮುಂದಿನದನ್ನು ನಾನು ಪಕ್ಕದಲ್ಲಿ ಟಾರ್ಚ್ ಹಿಡಿದು ನೋಡಿದೆ. ಅವನು ಮೂರನೇ ಸಿಲಿಂಡರಿನ ಕಾಯಿಲ್ ಬಿಚ್ಚಿ ಒಂದನೆಯದರ ಮೇಲೆ ಕೂರಿಸಿದ, ಒಂದನೆಯದನ್ನು ಮೂರಕ್ಕೆ ತಂದ. ಕೋಡ್ ಅಳಿಸಿ ಗಾಡಿ ಚಾಲೂ ಮಾಡಿದ. ಕಾಯಿಲ್ ಕೆಟ್ಟಿದ್ದರೆ ದೋಷ ಅದರ ಬೆನ್ನು ಹಿಡಿದು ಹೋಗಿ ಈಗ 0301 ಎಂದು ಬರಬೇಕು. ಮತ್ತೆ 0303 ಎಂದೇ ಬಂತು. ಹಾಗಾದರೆ ಕಾಯಿಲ್ ಚೆನ್ನಾಗಿದೆ. ಪ್ಲಗ್ಗನ್ನೂ ಹಾಗೇ ಅದಲು ಬದಲು ಮಾಡಿದ. ಮತ್ತೆ ಮೂರೇ. ನಾಲ್ಕು ಕಾಯಿಲ್ ಎಂದು ಎಸ್ಟಿಮೇಟಿನಲ್ಲಿದ್ದ ಸಾಲು ಅಲ್ಲಿಗೆ ಬಿದ್ದುಹೋಯಿತು. ಅದಕ್ಕೆ ಖರ್ಚಾದದ್ದು ನಲವತ್ತು ನಿಮಿಷ.

ಆಮೇಲೆ ಅವನು ಇಂಜಿನ್ನಿನ ಹಿಂಬದಿಗೆ ಕೈ ಹಾಕಿ ವೈರಿಂಗ್ ಕೊಳವೆಯನ್ನು ಬೆರಳಿನಲ್ಲೇ ಸವರುತ್ತ ಹೋದ. ಒಂದು ಕಡೆ ಕೈ ನಿಂತಿತು. ಹೊರಗೆ ತೆಗೆದಾಗ ಬೆರಳ ತುದಿಯಲ್ಲಿ ಅಡಿಕೆ ಸಿಪ್ಪೆಯ ನಾರು! ಹೋದ ವರ್ಷದ ಸಿಪ್ಪೆ, ನಮ್ಮ ಶೆಡ್ಡಿನದೇ. ಐದು ದಿನದ ಮಳೆಯಲ್ಲಿ ಇಲಿಯೊಂದು ಬೆಚ್ಚಗಿನ ಜಾಗ ಹುಡುಕಿ ಇಂಜಿನ್ ಮೇಲೆ ಗೂಡು ಕಟ್ಟಲು ಹೊರಟಿತ್ತು. ಅದರ ಪಕ್ಕದಲ್ಲೇ ಮೂರನೇ ಕಾಯಿಲಿಗೆ ಹೋಗುವ ವೈರಿನ ಮೇಲ್ಪದರ ಎರಡು ಇಂಚು ಕಿತ್ತುಹೋಗಿತ್ತು. ತಾಮ್ರದ ಎಳೆಗಳಲ್ಲಿ ಎರಡೋ ಮೂರೋ ಉಳಿದಿದ್ದವು. ಸಮತಟ್ಟಿನಲ್ಲಿ ಹೇಗೋ ಕೆಲಸ ನಡೆಯುತ್ತಿತ್ತು, ಏರಿನಲ್ಲಿ ಇಂಜಿನ್ ಅಲುಗಿದಾಗ ಸಂಪರ್ಕ ತಪ್ಪುತ್ತಿತ್ತು. ವೈರ್ ಕತ್ತರಿಸಿ, ಹೊಸ ತುಂಡು ಸೇರಿಸಿ, ಬೆಸುಗೆ ಹಾಕಿ, ಬಿಸಿಗೆ ಬಿಗಿಯಾಗುವ ತೋಳು ತೊಡಿಸಿ ಕೂರಿಸಿದ. ಎನ್.ಆರ್. ಪುರದ ತನಕ ಹೋಗಿ ಬಂದೆವು. ಏರಿನಲ್ಲಿ ಕಾರು ತನ್ನ ಹಳೆಯ ದನಿ ತೆಗೆಯಿತು.

ನಮ್ಮ ಮಲೆನಾಡಿನಲ್ಲಿ ಇಂಥ ಕಾರಣಗಳೇ ಹೆಚ್ಚು. ಇಲಿ, ಅಳಿಲು, ಕನೆಕ್ಟರಿನೊಳಗೆ ಹಿಡಿಯುವ ಹಸಿರು ಕಿಲುಬು, ಪ್ಲಗ್ ಗುಂಡಿಯಲ್ಲಿ ಇಳಿದ ನೀರು, ತಿಂಗಳುಗಟ್ಟಲೆ ಓಡಿಸದೆ ನಿಂತ ಗಾಡಿಯ ಟ್ಯಾಂಕಿನಲ್ಲಿ ಕೂಡುವ ತೇವ. ಈಗ ಪೆಟ್ರೋಲಿನಲ್ಲೂ ಒಂದು ಬದಲಾವಣೆ ಇದೆ. ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿಗೆ ಪ್ರಧಾನಿ ಚಾಲನೆ ಕೊಟ್ಟದ್ದು 2023ರ ಫೆಬ್ರವರಿ 6ರಂದು, ಬೆಂಗಳೂರಿನಲ್ಲೇ. ಎಥನಾಲ್ ನೀರನ್ನು ಎಳೆದುಕೊಳ್ಳುವ ಗುಣದ್ದು, ಅದರಲ್ಲಿ ಆಮ್ಲಜನಕವೂ ಇರುತ್ತದೆ. ಇದಕ್ಕೆಂದು ತಯಾರಾಗದ ಹಳೆಯ ಆಮದು ಕಾರು ಮಳೆಗಾಲದಲ್ಲಿ ನಿಂತೇ ಇದ್ದರೆ ಮಿಶ್ರಣದ ಲೆಕ್ಕ ತಪ್ಪಿದ ಕೋಡ್ ಬರುವ ಸಾಧ್ಯತೆ ಇದೆ. ಊರಿಗೆ ಬಂದ ಕಾರಿನ ದೋಷವನ್ನು ಊರಿನ ಹವೆಯ ಜೊತೆ ಇಟ್ಟು ನೋಡಬೇಕು. ದೂರದಲ್ಲಿ ಕೂತು ಕೋಡ್ ಮಾತ್ರ ಓದಿದವರಿಗೆ ನಮ್ಮ ಶೆಡ್ಡಿನ ಇಲಿ ಹೇಗೆ ಕಾಣಬೇಕು?

ಬೆಂಗಳೂರಿನ ಆ ವರ್ಕ್‌ಶಾಪಿನವರು ಮೋಸ ಮಾಡಿದರು ಎಂದು ನಾನು ಹೇಳುವುದಿಲ್ಲ. ಕನ್ವರ್ಟರಿನಲ್ಲಿ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಇರುತ್ತವೆ. ಚಿನ್ನದಂಗಡಿಯ ಲೆಕ್ಕದ ಲೋಹಗಳವು. ಸ್ಪೋರ್ಟ್ಸ್ ಕಾರಿನಲ್ಲಿ ಇಂಜಿನ್ ಇಟ್ಟ ಜಾಗ ಇಕ್ಕಟ್ಟು, ಒಂದು ಸೆನ್ಸರ್ ಮುಟ್ಟಲು ನಾಲ್ಕು ಭಾಗ ಬಿಚ್ಚಬೇಕು, ಮಜೂರಿಯ ಗಂಟೆ ಏರುತ್ತದೆ. ಅದೆಲ್ಲ ನ್ಯಾಯವೇ. ಕನ್ವರ್ಟರ್ ನಿಜವಾಗಿಯೂ ಹೋಗಿದ್ದರೆ ಆ ದುಡ್ಡು ಕೊಡಲೇಬೇಕು. ನನ್ನ ತಕರಾರು ಒಂದೇ: ಕೆಟ್ಟಿದೆ ಎಂದು ತೋರಿಸದ ಭಾಗಕ್ಕೆ ಬೆಲೆ ಕಟ್ಟಬಾರದು.

ಈ ತಕರಾರು ನನ್ನೊಬ್ಬನದಲ್ಲ. ಕಾರು ಕಂಪನಿಗಳು ಬಿಡಿಭಾಗಗಳನ್ನೂ ದೋಷ ಪತ್ತೆಯ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಕೊಡದೆ ತಮ್ಮ ಡೀಲರುಗಳ ಕೈಯಲ್ಲೇ ಇಟ್ಟುಕೊಂಡಿವೆ ಎಂಬ ದೂರು 2011ರಲ್ಲಿ ಭಾರತೀಯ ಸ್ಪರ್ಧಾ ಆಯೋಗದ ಮುಂದೆ ಬಂತು. ದೂರು ಶುರುವಾದದ್ದು ಮೂರು ಕಂಪನಿಗಳ ಮೇಲೆ, ತನಿಖೆ ಹರಡುತ್ತ ಹೋಯಿತು. 2014ರ ಆಗಸ್ಟ್ 25ರಂದು ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮೇಲ್ಪಟ್ಟ ದಂಡ ಹಾಕಿತು. ಬಿಡಿಭಾಗಗಳೂ ಉಪಕರಣಗಳೂ ಸ್ವತಂತ್ರ ಗ್ಯಾರೇಜುಗಳಿಗೆ ಸಿಗಬೇಕು, ಹೊರಗೆ ರಿಪೇರಿ ಮಾಡಿಸಿದ ಎಂಬ ಒಂದೇ ಕಾರಣಕ್ಕೆ ಗ್ರಾಹಕನ ವಾರಂಟಿಯನ್ನು ಸಾರಾಸಗಟಾಗಿ ರದ್ದು ಮಾಡಕೂಡದು ಎಂದೂ ಹೇಳಿತು. ಕಂಪನಿಗಳು ಮೇಲ್ಮನವಿ, ರಿಟ್ ಎಂದು ನ್ಯಾಯಾಲಯಗಳ ಮೆಟ್ಟಿಲೇರಿದವು. ಆದರೂ ಆ ಆದೇಶ ಎತ್ತಿದ ಪ್ರಶ್ನೆ ಇವತ್ತಿಗೂ ಹಾಗೇ ನಿಂತಿದೆ: ಕಾರು ನನ್ನದಾದ ಮೇಲೆ ಅದರ ದೋಷ ತಿಳಿಯುವ ಹಕ್ಕು ಯಾರದು? 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿ, ಡಿಸೆಂಬರ್ 24ರ ಗ್ರಾಹಕ ದಿನದಂದು ಅದಕ್ಕಾಗಿ ಪೋರ್ಟಲ್ ತೆರೆಯಿತು. ಕೃಷಿ ಯಂತ್ರ, ಮೊಬೈಲ್, ಗೃಹೋಪಯೋಗಿ ವಸ್ತುಗಳ ಜೊತೆ ವಾಹನವೂ ಅದರಲ್ಲಿದೆ. ಮುತ್ತಿನಕೊಪ್ಪದಂಥ ಊರಿಗೆ ಇದು ದೂರದ ದಿಲ್ಲಿಯ ವಿಷಯವೆಂದು ಅನಿಸಬಹುದು. ಆದರೆ ಇಲ್ಲಿನ ಗ್ಯಾರೇಜಿಗೆ ಸರ್ಕಿಟ್ ನಕ್ಷೆ ಸಿಗುವುದೋ ಇಲ್ಲವೋ ಎಂಬುದರ ಮೇಲೆ ನಮ್ಮ ಕಾರು ಇಲ್ಲೇ ರಿಪೇರಿಯಾಗುತ್ತದೋ ಲಾರಿ ಏರುತ್ತದೋ ಎಂಬುದು ನಿಂತಿದೆ.

ರಿಪೇರಿ ಹಕ್ಕಿಗೆ ಕಾನೂನು ಬರುವ ತನಕ ನಮ್ಮ ಕೈಯಲ್ಲಿರುವುದು ಕೇಳುವುದು. ದೀಪ ಹತ್ತಿದರೆ ಮೊದಲು ಕೋಡ್ ಸಂಖ್ಯೆಯನ್ನೂ ಫ್ರೀಜ್ ಫ್ರೇಮನ್ನೂ ಬರೆಸಿಕೊಳ್ಳಿ ಅಥವಾ ಫೋಟೊ ತೆಗೆದುಕೊಳ್ಳಿ. ಯಾರಾದರೂ ಅದಕ್ಕೂ ಮೊದಲೇ ಕೋಡ್ ಅಳಿಸಿದರೆ ಸಾಕ್ಷಿಯೂ ಅಳಿಸಿಹೋಗುತ್ತದೆ. ಎಸ್ಟಿಮೇಟ್ ಬಂದಾಗ ಒಂದೊಂದು ಭಾಗದ ಎದುರಿಗೂ ಒಂದೇ ಪ್ರಶ್ನೆ ಇಡಿ: ಇದು ಕೆಟ್ಟಿದೆ ಎಂದು ಯಾವ ಪರೀಕ್ಷೆಯಿಂದ ಗೊತ್ತಾಯಿತು? ಉತ್ತರ ಇರುವವರು ಸಂತೋಷದಿಂದ ಹೇಳುತ್ತಾರೆ. ಭಾಗದ ನಂಬರ್, ಬೆಲೆ, ಮಜೂರಿಯ ಗಂಟೆ, ತೆರಿಗೆ ಬೇರೆ ಬೇರೆ ಸಾಲಿನಲ್ಲಿ ಬರಲಿ. ವಾಹನದ ಬಿಡಿಭಾಗಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 18 ಆಗಿದೆ, ಹಳೆಯ ಶೇ 28ರ ಲೆಕ್ಕ ಹಾಕಿದ್ದರೆ ಕೇಳಿ. ಬದಲಿಸಿದ ಹಳೆಯ ಭಾಗವನ್ನು ವಾಪಸ್ ಪಡೆಯಿರಿ.

ಹಳೆಯ ಕಾರು ಕೊಳ್ಳುವ ಹುಡುಗರಿಗೆ ಇನ್ನೊಂದು ಮಾತು. ಕೀ ತಿರುಗಿಸಿ, ಇಂಜಿನ್ ಚಾಲೂ ಮಾಡದೆ ಡ್ಯಾಶ್‌ಬೋರ್ಡ್ ನೋಡಿ. ಆ ಹಳದಿ ದೀಪ ಒಮ್ಮೆ ಹತ್ತಲೇಬೇಕು, ಚಾಲೂ ಆದ ಮೇಲೆ ಆರಬೇಕು. ಹತ್ತದೇ ಇದ್ದರೆ ದೀಪವನ್ನೇ ಕಿತ್ತಿರಬಹುದು. ಸ್ಕ್ಯಾನರಿನಲ್ಲಿ ಕಾರಿನ ಸ್ವಯಂ ಪರೀಕ್ಷೆಗಳು ಅಪೂರ್ಣ ಎಂದು ತೋರಿಸಿದರೆ ಆ ದಿನವೋ ಹಿಂದಿನ ದಿನವೋ ಕೋಡ್ ಅಳಿಸಿರುವ ಸಂಭವವಿದೆ. ನಾಲ್ಕು ದಿನ ಓಡಿಸಿ ಮತ್ತೆ ನೋಡಿ ಎನ್ನಿ.

ವ್ಯಾಜ್ಯವೇ ಆದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲೂ ಬಗೆಹರಿಯದಿದ್ದರೆ ಚಿಕ್ಕಮಗಳೂರಿನಲ್ಲಿ ಜಿಲ್ಲಾ ಗ್ರಾಹಕ ಆಯೋಗವಿದೆ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಅಲ್ಲಿ ನಡೆಯುವುದು ಬಾಯಿಮಾತಲ್ಲ, ಕಾಗದ. ಬರೆಸಿಕೊಳ್ಳಿ ಎಂದು ಮತ್ತೆ ಮತ್ತೆ ಹೇಳುವುದು ಅದಕ್ಕೇ.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಕಡೆಯ ತಪ್ಪನ್ನೂ ಹೇಳಬೇಕು. ಪಾರ್ಟಿಗೆ ಎಷ್ಟು ಕೇಳಿದರೂ ಕೊಡುವ ನಾವು ಪರೀಕ್ಷೆಗೆ ದುಡ್ಡು ಕೇಳಿದರೆ ಮುಖ ಗಂಟಿಕ್ಕುತ್ತೇವೆ. "ಬರೀ ನೋಡಿದ್ದಕ್ಕೆ ಐನೂರಾ?" ಎನ್ನುತ್ತೇವೆ. ನೋಡುವುದಕ್ಕೆ ಹೊಟ್ಟೆ ತುಂಬದಿದ್ದರೆ ಮೆಕ್ಯಾನಿಕ್ ಮಾರುವುದಕ್ಕೆ ಇಳಿಯಲೇಬೇಕು. ಎರಡು ಗಂಟೆ ಬಗ್ಗಿ ವೈರ್ ಸವರಿದವನಿಗಿಂತ ಎರಡು ನಿಮಿಷದಲ್ಲಿ ಕಾಯಿಲ್ ಬದಲಿಸಿದವನಿಗೆ ಹೆಚ್ಚು ಲಾಭ ಸಿಗುವ ಹಾಗೆ ಮಾಡಿದವರಲ್ಲಿ ನಾವೂ ಇದ್ದೇವೆ. ಕಣ್ಣಿನ, ಬೆರಳಿನ, ಯೋಚನೆಯ ಕೆಲಸಕ್ಕೆ ಬೆಲೆ ಕೊಡದ ಊರಿನಲ್ಲಿ ಆ ಕೆಲಸ ಬಲ್ಲವರು ಉಳಿಯುವುದಿಲ್ಲ. ಸದ್ದು ಕೇಳಿ ದೋಷ ಹೇಳುತ್ತಿದ್ದವರ ಮಕ್ಕಳು ಈಗ ಯಾವ ಕೆಲಸದಲ್ಲಿದ್ದಾರೆ ಎಂದು ನಮ್ಮ ನಮ್ಮ ಊರಿನಲ್ಲಿ ನಾವೇ ಎಣಿಸಿ ನೋಡಬಹುದು.

ಆ ದಿನ ಮೆಕ್ಯಾನಿಕ್ ಕೈ ಒರೆಸಿಕೊಂಡು, "ವೈರಿಗೆ, ಸ್ಲೀವಿಗೆ ಮುನ್ನೂರೈವತ್ತು ಕೊಡಿ ಸಾಕು," ಎಂದ. ಅಣ್ಣನ ಮಗ ಒಪ್ಪಲಿಲ್ಲ. "ಅಣ್ಣಾ, ಎರಡೂವರೆ ಗಂಟೆ ಆಗಿದೆ. ಅದನ್ನೂ ಬರೀರಿ," ಎಂದ. ಅವನು ಸಂಕೋಚ ಪಟ್ಟುಕೊಂಡು, ಬಿಲ್ ಪುಸ್ತಕದಲ್ಲಿ ವೈರಿನ ಸಾಲಿನ ಕೆಳಗೆ ಇನ್ನೊಂದು ಸಾಲು ಸೇರಿಸಿದ: ಪರೀಕ್ಷೆ, 1,500. ಹಾಗೆ ಬರೆದದ್ದು ಇದೇ ಮೊದಲು ಎಂದ. ಕಾರು ಬೆಂಗಳೂರು ಸೇರಿ ಮೂರು ವಾರ ಓಡಿದ ಮೇಲೂ 0420 ಮರಳಿ ಬರಲಿಲ್ಲ. ಹುಡುಗ ಆ ಬಿಲ್ಲನ್ನು ಕಾರಿನ ದಾಖಲೆಗಳ ಜೊತೆಯಲ್ಲೇ ಇಟ್ಟುಕೊಂಡಿದ್ದಾನೆ.